ಸದ್ದಿಲ್ಲದ ಮಿಷಿನ್

ನನ್ನ ತಮ್ಮ ಮಾಲತೇಶನ ಹುಚ್ಚನ್ನು ನಾನು ಯಾವತ್ತೂ ಒಪ್ಪಿದವಳಲ್ಲ. ಮೂವತ್ತೆಂಟರ ಗಂಡಸು, ವಿಮಾ ಕಚೇರಿಯ ಗುಮಾಸ್ತ, ಭಾನುವಾರ ಬಂತೆಂದರೆ ಅಂಗೈಯಗಲದ ಆಟಿಕೆ ಬಸ್ಸುಗಳಿಗೆ ಬಣ್ಣ ಹೊಡೆಯುತ್ತಾ ಕೂರುತ್ತಿದ್ದ. ಅದೂ ಗಾಳಿಯಲ್ಲಿ ಬಣ್ಣ ಉಗುಳುವ, ಪೆನ್ನಿನಂಥ ಏರ್‌ಬ್ರಷ್‌ನಿಂದ. ಮದುವೆಯಾಗೋ ಅಂದರೆ, "ಬಸ್ಸು ಒಣಗ್ಲಿ ತಡಿಯಕ್ಕ" ಅನ್ನುತ್ತಿದ್ದ.

ಅದಕ್ಕೆ ಗಾಳಿ ಕೊಡುವ ಹಳೇ ಕಂಪ್ರೆಸರ್ ಹಿಟ್ಟಿನ ಗಿರಣಿಯಂತೆ ಅರಚುತ್ತಿತ್ತು. ದೇವರಾಜ ಅರಸು ಬಡಾವಣೆಯ ಆ ಸಣ್ಣ ಬಾಡಿಗೆ ಮನೆಯಲ್ಲಿ ಪಕ್ಕದ ಕೋಣೆಯೇ ಅವ್ವನದು. ಲಕ್ವ ಹೊಡೆದು ಅವಳ ಎಡಗಾಲು ಸ್ವಾಧೀನ ತಪ್ಪಿತ್ತು. ಬಚ್ಚಲಿಗೆ ಹೋಗಬೇಕೆಂದರೆ ಕೂಗಬೇಕು, ಒಬ್ಬಳೇ ಏಳಕೂಡದು, ಬಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ವಾರವೆಲ್ಲ ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಭಾನುವಾರ ಮಾಲತೇಶನದೇ ಪಾಳಿ. ಆಗಾಗ ಮಿಷಿನ್ ನಿಲ್ಲಿಸಿ ಹೋಗಿ ನೋಡುತ್ತಿದ್ದ.

ಒಂದು ಭಾನುವಾರ ಅವ್ವ ಗಂಟಲು ಹರಿಯುವಂತೆ ಕೂಗಿದರೂ ಆ ಗದ್ದಲದಲ್ಲಿ ಇವನಿಗೆ ಕೇಳಲಿಲ್ಲ. ಹಾಸಿಗೆ ಒದ್ದೆಯಾಯಿತು. ಅಪ್ಪ ಸತ್ತಾಗಲೂ ನಮ್ಮೆದುರು ಅಳದವಳು ಅವತ್ತು ಗೋಡೆಗೆ ಮುಖ ಮಾಡಿ ಅತ್ತಳಂತೆ.

ಮರುದಿನವೇ ಅವನು ಹರಿಹರದ ನಮ್ಮ ಮನೆಗೆ ಬಂದ. "ಅಕ್ಕಾ, ಸದ್ದಿಲ್ದ ಕಂಪ್ರೆಸರ್ ಬೇಕು. ಅವ್ವ ಕರದ್ರೆ ಕೇಳ್ಬೇಕು."

"ಬಣ್ಣ ಹೊಡಿಯದು ಬಿಡು, ತಾನೇ ಕೇಳ್ತೈತೆ," ಅಂದೆ. ಅಷ್ಟಕ್ಕೇ ಮುಖ ಬಾಡಿಸಿಕೊಂಡ. ಹಾಳಾಗಲಿ ಎಂದು ನಮ್ಮ ಬೀದಿಯಲ್ಲೇ ಫ್ರಿಜ್ ರಿಪೇರಿ ಮಾಡುವ ಹಿದಾಯತ್‌ನ ಅಂಗಡಿಗೆ ಕರೆದುಕೊಂಡು ಹೋದೆ.

ಮಾಲತೇಶ ಮೊಬೈಲಿನಲ್ಲಿ ತೋರಿಸಿದ ಪುಟ್ಟ ಮಿಷಿನ್ನುಗಳಿಗೆಲ್ಲ ಹಿದಾಯತ್ ತಲೆ ಅಲ್ಲಾಡಿಸಿದ. "ಇವು ಬ್ಯಾಡ್ರಿ. ಟ್ಯಾಂಕ್ ಇಲ್ಲ, ಬಣ್ಣ ಹೊಡಿಯೋತನಕ ಗುರ್ ಅಂತಾವೆ." ಆಮೇಲೆ ಫ್ರಿಜ್ಜಿನ ಕಂಪ್ರೆಸರ್‌ಗೆ ಗಾಳಿ ತುಂಬುವ ಟ್ಯಾಂಕ್ ಜೋಡಿಸಿದ್ದೊಂದನ್ನು ತಂದಿಟ್ಟ. "ಇದು ನೋಡ್ರಿ. ಓಡ್ತೈತೋ ಇಲ್ವೋ ಅಂತ ಕೈ ಇಟ್ಟೇ ನೋಡ್ಬೇಕು."

ಮಾಲತೇಶ ಅಷ್ಟಕ್ಕೆ ನಂಬಲಿಲ್ಲ. ಮಿಷಿನ್ ಹಾಕಿಸಿ ಪಕ್ಕದಲ್ಲಿ ಕೂತು, ನನ್ನನ್ನು ಗೋಡೆಯಾಚೆ ನಿಲ್ಲಿಸಿ, ಅವ್ವನ ಹಾಗೆ ಸಣ್ಣಗೆ ಕರೆಯಲು ಹೇಳಿದ. ಬೀದಿಯಲ್ಲಿ ನಿಂತು "ಮಾಲತೇಶಾ, ಬಾರಪ್ಪ" ಅಂದೆ. ದಾರಿಯಲ್ಲಿ ಹೋಗುವವರು ನಕ್ಕರು. "ಕೇಳ್ತು ಅಕ್ಕಾ!" ಎಂದು ಒಳಗಿಂದ ಕೂಗಿದ. ಅವನ ಖುಷಿಗೆ ನನ್ನ ಸಿಟ್ಟೂ ಇಳಿಯಿತು.

ಮುಂದಿನ ಭಾನುವಾರ ಊಟವಾದ ಮೇಲೆ ಅವ್ವ ಮಲಗಿದಳು. ಮಾಲತೇಶ ಹೊಸ ಮಿಷಿನ್ ಹಾಕಿ, ಕಿವಿಯನ್ನೆಲ್ಲ ಅತ್ತಲೇ ಇಟ್ಟುಕೊಂಡು ಬಣ್ಣ ಹೊಡೆಯುತ್ತಿದ್ದ. ಅವನಿಗೆ ಕೇಳಿಸಿದ್ದು ಅವ್ವ ಬಚ್ಚಲ ಬಾಗಿಲಲ್ಲಿ ಬಿದ್ದ ಸದ್ದು.

ಓಡಿ ಹೋದರೆ ನೆಲದ ಮೇಲಿಂದಲೇ ಅವ್ವ ಹೇಳಿದಳಂತೆ, "ಎಚ್ಚರಾಯ್ತೇನಪ್ಪ? ನಿದ್ದಿ ಕೆಡಿಸಿದೆ ನಿಂದು."

"ಯಾಕವ್ವ ಕರೀಲಿಲ್ಲ? ಎದ್ದೇ ಇದ್ನಲ್ಲ!"

"ಮಿಷಿನ್ ಸದ್ದಿರ್ಲಿಲ್ಲ. ಮಲಗೀಯೇನೋ ಅಂದ್ಕಂಡೆ."

ನಮ್ಮ ಹಳ್ಳಿ ಸಾರಥಿಯಲ್ಲಿದ್ದಾಗ ಅಪ್ಪ ರಾತ್ರಿ ಕರೆಂಟ್ ಬಂದಾಗ ಹೊಲಕ್ಕೆ ನೀರು ಹಾಯಿಸಿ ಹಗಲು ಮಲಗುತ್ತಿದ್ದ. ಆಗ ಮನೆಯಲ್ಲಿ ಲೋಟ ಕೂಡ ಸದ್ದು ಮಾಡುವಂತಿರಲಿಲ್ಲ. ಮಲಗಿದವರನ್ನು ಎಬ್ಬಿಸಿದರೆ ಪಾಪ ಎಂದು ಅವ್ವ ನಮ್ಮ ಬಾಯಿಗೆ ಕೈ ಒತ್ತುತ್ತಿದ್ದಳು. ಹಳೇ ಮಿಷಿನ್ನಿನ ಆ ಹಾಳು ಗದ್ದಲ ಕೇಳುತ್ತಿದ್ದಷ್ಟು ದಿನ ಮಗ ಎದ್ದಿದ್ದಾನೆಂದು ಧೈರ್ಯವಾಗಿ ಕೂಗಿದಳು. ಹೊಸದಕ್ಕೆ ಸದ್ದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತು. ಮಾಲತೇಶ ರೆಪ್ಪೆ ಮುಚ್ಚದೆ ಪಕ್ಕದಲ್ಲೇ ಕೂತಿದ್ದವನು ಒಂದು ಸಂಜೆ ತಡೆಯಲಾರದೆ ಮಂಚಕ್ಕೆ ತಲೆಯಾನಿಸಿ ನಿದ್ದೆಹೋದ. ಅಷ್ಟರಲ್ಲಿ ಅವ್ವನಿಗೆ ಉಸಿರು ಎಳೆಯತೊಡಗಿತು. ಅವನನ್ನು ಎಬ್ಬಿಸಲು ಕೈ ಚಾಚಿದೆ. ಅವ್ವ ನನ್ನ ಮುಂಗೈ ಹಿಡಿದುಕೊಂಡಳು.

"ಬ್ಯಾಡ, ಮಲಗ್ಲಿ."

ನಾನು ಕೇಳಲಿಲ್ಲ, ಎಬ್ಬಿಸಿದೆ. ಅವನು ಕಣ್ಣು ಬಿಡುವಷ್ಟರಲ್ಲಿ ಅವ್ವ ಹೋಗಿದ್ದಳು.