ಸರೋವರದ ದಂಡೆಯಲ್ಲಿ ಇಟ್ಟ ಎಡೆ

ಜಯರಾಜರು ಹೆದರುವ ಮನುಷ್ಯರೆಂಬುದು ಅಮೆರಿಕದ ಯೂನಿಯನ್ ಸಿಟಿಯಲ್ಲಿ ಯಾರಿಗೂ ತಿಳಿದಿರಲಿಲ್ಲ; ಯೋಜನೆ ಹಾಕುವುದರಲ್ಲಿ ಅವರು ಗಟ್ಟಿಗರೆಂಬುದಷ್ಟೇ ಎಲ್ಲರಿಗೂ ತಿಳಿದಿತ್ತು. ಓಕ್ಲ್ಯಾಂಡ್ ಬಂದರಿನಲ್ಲಿ ಕಂಟೇನರು ಎತ್ತುವ ಕ್ರೇನುಗಳ ಸುರಕ್ಷತೆಯನ್ನು ನೋಡಿಕೊಳ್ಳುತ್ತ ತಲೆ ನರೆಸಿಕೊಂಡವರು ಅವರು. ಎತ್ತರದಲ್ಲಿ ತೂಗುವ ಯಾವ ವಸ್ತುವನ್ನು ಕಂಡರೂ ಅದು ಬೀಳುವ ಬಗೆಯೇ ಅವರಿಗೆ ಮೊದಲು ಹೊಳೆಯುತ್ತಿತ್ತು. ನಿವೃತ್ತಿಯಾದ ಮೇಲೆ ಆ ದೃಷ್ಟಿಗೆ ಬೇರೆ ಕೆಲಸವಿಲ್ಲದೆ ಹೋಗಿ, ಅದು ಸಂಸಾರದ ಪ್ರವಾಸಗಳ ಮೇಲೆ ತಿರುಗಿತು.

ಟಾಹೋ ಸರೋವರಕ್ಕೆ ಹೋಗಿ ಎರಡು ದಿನ ಇದ್ದು ಬರೋಣವೆಂಬ ಮಾತು ಎದ್ದಾಗ ಅವರು ಒಂದು ವಾರ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಬೆಟ್ಟದ ಕಾಲುದಾರಿಗೆ ಬೆಳಗಿನ ಹೊತ್ತು, ಬಿಸಿಲೇರಿದರೆ ಹೆಂಡತಿಗೆ ತಲೆ ತಿರುಗೀತೆಂದು. ದೋಣಿಯೂ ಬೆಳಿಗ್ಗೆಯೇ, ಮಧ್ಯಾಹ್ನ ಗಾಳಿ ಎದ್ದರೆ ಆ ತಣ್ಣೀರಿಗೆ ಬಿದ್ದವನ ಕೈಕಾಲು ಮರಗಟ್ಟುತ್ತವೆಂದು. ತಂತಿಯ ಮೇಲೆ ತೂಗುತ್ತ ಬೆಟ್ಟದ ತುದಿಗೆ ಒಯ್ಯುವ ಗೊಂಡೋಲವನ್ನು, ಬಿಟ್ಟರೆ ಮಗ ನಕ್ಕಾನೆಂದು ಸೇರಿಸಿದರು. ಆ ದಿನ ಮೊಣಕಾಲು ನೋವೆಂದು ತಾವು ಕೆಳಗೇ ಉಳಿಯುವುದನ್ನು ಮನಸ್ಸಿನೊಳಗೇ ನಿಶ್ಚಯಿಸಿಕೊಂಡರು. ಕಾಡ್ಗಿಚ್ಚಿನ ಹೊಗೆ ಬಂದರೆ ಮನೆಗೆ ಮರಳುವ ಬೇರೆ ದಾರಿಯನ್ನೂ ಗುರುತು ಮಾಡಿಟ್ಟರು. ಪ್ಲೆಸೆಂಟನ್ನಿನಲ್ಲಿರುವ ಮಗ ರಕ್ಷಿತ್, ಅಪ್ಪನ ಜೊತೆ ಪಿಕ್ನಿಕ್ಕಿಗೆ ಹೋಗುವುದೂ ಆಪರೇಷನ್ನಿಗೆ ಹೋಗುವುದೂ ಒಂದೇ ಎಂದು ಹೆಂಡತಿಗೆ ಹೇಳಿ ನಗುತ್ತಿದ್ದ.

ಇಷ್ಟೆಲ್ಲ ನೋಡಿದವರು ನೋಡದೆ ಬಿಟ್ಟದ್ದು ಪಂಚಾಂಗವೊಂದನ್ನೇ. ಅವರು ಸರೋವರದ ದಂಡೆಯ ಮರದ ಮನೆಯನ್ನು ಬಾಡಿಗೆಗೆ ಹಿಡಿದ ಶನಿವಾರವೇ ಮಹಾಲಯ ಅಮಾವಾಸ್ಯೆಯಾಗಿತ್ತು. ಹೆಂಡತಿ ಸೌದಾಮಿನಿಯವರು ತಮ್ಮ ತಾಯಿಗೆ ಎಡೆ ಇಡಬೇಕಾದ ದಿನ. ಉಡುಪಿ ಸೀಮೆಯ ಅವರ ಮನೆತನದಲ್ಲಿ ತಾಯಿಯ ಕಡೆಯ ಹಿರಿಯರು ಹೆಣ್ಣುಮಕ್ಕಳ ಪಾಲಿನವರು. ಮಗಳು ಬಡಿಸದೆ ಅವರು ಉಣ್ಣುವುದಿಲ್ಲವೆಂಬ ನಂಬಿಕೆ. ಹೆಂಡತಿ ಜಗಳಕ್ಕೆ ಬರುವರೆಂದು ಜಯರಾಜರು ಕಾದಿದ್ದರು. ಸೌದಾಮಿನಿಯವರು ಹಾಗೇನೂ ಮಾಡದೆ, ಅಮ್ಮನಿಗೆ ನೀರಿನ ದಂಡೆಯೆಂದರೆ ಇಷ್ಟವೇ, ಎಡೆಯನ್ನು ಅಲ್ಲಿಯೇ ಇಟ್ಟರಾಯಿತು ಎಂದು ಹೇಳಿ, ಗ್ರೋಸರಿಯಿಂದ ಬಾಳೆಲೆಯನ್ನೂ ಒಣಮೀನನ್ನೂ ತಂದು ಕಟ್ಟಿಟ್ಟರು. ಬೈದಿದ್ದರೆ ಜಯರಾಜರಿಗೆ ಎಷ್ಟೋ ಹಗುರವಾಗುತ್ತಿತ್ತು.

ಶುಕ್ರವಾರವೇ ಇಬ್ಬರೂ ಹೊರಟರು. ಸೊಸೆ ಸಂಯುಕ್ತಾಳಿಗೆ ಆಸ್ಪತ್ರೆಯ ಕೆಲಸವಿದ್ದುದರಿಂದ ಅವಳೂ ರಕ್ಷಿತನೂ ಶನಿವಾರ ಸಂಜೆ ಬಂದು ಸೇರುವುದೆಂದು ಗೊತ್ತಾಗಿತ್ತು. ದಾರಿ ಬೆಟ್ಟವೇರಿ, ಒಂದು ಮಗ್ಗುಲಲ್ಲಿ ಕಣಿವೆ ಬಾಯ್ತೆರೆದಾಗ, ಜಯರಾಜರ ಅಂಗೈ ಬೆವರಿ ಸ್ಟೀರಿಂಗು ಜಾರತೊಡಗಿತು. ಸೌದಾಮಿನಿಯವರು ಕಿಟಕಿಗೆ ಮುಖವೊತ್ತಿ, ನೀಲಿಯ ದೊಡ್ಡ ಬಟ್ಟಲಿನಂತೆ ಕೆಳಗೆ ತೋರಿದ ಸರೋವರವನ್ನು ನೋಡಿ ನೋಡಿ ದಣಿಯಲಿಲ್ಲ.

ಮನೆಯ ಬಾಗಿಲ ಒಳಗಡೆ ಒಂದು ಎಚ್ಚರಿಕೆಯ ಹಲಗೆಯಿತ್ತು. ಚಳಿಗಾಲಕ್ಕೆ ಮುನ್ನ ಕರಡಿಗಳು ಸಿಕ್ಕಿದ್ದನ್ನೆಲ್ಲ ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಕಾಲವಿದು, ಆಹಾರವನ್ನು ಹೊರಗಿಡಬಾರದು, ಕರಡಿ ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು, ತಗ್ಗಿದ ದನಿಯಲ್ಲಿ ಮಾತಾಡುತ್ತ ಅದಕ್ಕೆ ದಾರಿ ಬಿಟ್ಟು ಹಿಂದೆ ಸರಿಯಬೇಕು. ಜಯರಾಜರು ಅದನ್ನು ಬಾಯಿಪಾಠವಾಗುವಷ್ಟು ಸಲ ಓದಿದರು. ಆದರೆ ಮರುದಿನ ಬೆಳಿಗ್ಗೆ ಹೆಂಡತಿ ಮಿಂದು, ಬರಿಹೊಟ್ಟೆಯಲ್ಲಿ ಒಲೆಯ ಮುಂದೆ ನಿಂತು ನೀರುದೋಸೆ ಎರೆಯುತ್ತಿರುವಾಗ, ಕೋರಿ ಸುಕ್ಕದ ಕೋಳಿಮಸಾಲೆಯ ಪರಿಮಳವೂ ಸುಟ್ಟ ಒಣ ಬಂಗುಡೆಯ ಘಾಟೂ ಮನೆ ತುಂಬಿ ಕಿಟಕಿಯಿಂದ ಹೊರಗೆ ಹರಿಯುತ್ತಿರುವಾಗ, ಅವರ ನಾಲಿಗೆ ಏಳಲಿಲ್ಲ. ದಿನವನ್ನು ತಪ್ಪಿಸಿದವರು ತಾವು. ಈಗ ಎಡೆಯನ್ನೂ ಇಡಬೇಡವೆಂದು ಯಾವ ಬಾಯಲ್ಲಿ ಹೇಳುವುದು? ಕಾಗೆ ಬಂದು ಮುಟ್ಟಿಹೋದ ಕೂಡಲೆ ಎಲೆಯನ್ನು ತಾವೇ ತೆಗೆದುಬಿಟ್ಟರಾಯಿತೆಂದು ಸಮಾಧಾನ ತಂದುಕೊಂಡರು.

ಕಾಗೆ ಬರಲಿಲ್ಲ. ಸೌದಾಮಿನಿಯವರು ಮೊದಲು ಎಲೆಯನ್ನು ಮನೆಗೆ ತಗುಲಿದ ಮರದ ಡೆಕ್ಕಿನ ಕಟ್ಟೆಯ ಮೇಲಿಟ್ಟು ಕಾದರು. ತಲೆಯ ಮೇಲೆ ಜುಟ್ಟಿರುವ ನೀಲಿ ಹಕ್ಕಿಯೊಂದು ಬಂದು ಕತ್ತು ಕೊಂಕಿಸಿದಾಗ, ನೀನಲ್ಲ ಎಂದು ಅದನ್ನು ಅಟ್ಟಿದರು. ಮನೆಯ ನೆರಳಿಗೆ ಕಾಗೆ ಹೆದರುತ್ತದೇನೋ ಎಂದು ಎಲೆಯನ್ನೆತ್ತಿಕೊಂಡು ಮರದ ಮೆಟ್ಟಿಲಿಳಿದು ನೀರಿನಂಚಿನ ಬಂಡೆಯ ಮೇಲಿಟ್ಟರು. ಸರೋವರ ದಕ್ಷಿಣಕ್ಕಿತ್ತು, ಪಿತೃಗಳ ದಿಕ್ಕು ತಾನಾಗಿ ಒದಗಿತು. ಎಲೆಗೆ ತುಸು ಈಚೆಗೆ, ನೀರಿಗೆ ಮುಖ ಮಾಡಿ, ಕಾಡಿಗೆ ಬೆನ್ನು ಹಾಕಿ ಕುಳಿತರು.

ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಕೊರತೆಯಿದೆಯೆಂದು ಅರ್ಥ. ಆಗ ಮನೆಯವರು ಕೈಮುಗಿದು, ಆ ಕೊರತೆಯನ್ನು ನೆನೆದು, ತೀರಿಸುತ್ತೇವೆಂದು ಬಾಯಿಬಿಟ್ಟು ಹೇಳಬೇಕು. ಸೌದಾಮಿನಿಯವರ ತಾಯಿಯ ಕೊರತೆ ಯಾವುದೆಂದು ಆ ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಆಕೆ ಬ್ರಹ್ಮಾವರದಲ್ಲಿ ತೀರಿಕೊಂಡಾಗ, ಮಗ ಜಗನ್ನಾಥ ಅಕ್ಕನಿಗಾಗಿ ಕಾಯದೆ ಚಿತೆಗೆ ಬೆಂಕಿ ಕೊಟ್ಟಿದ್ದ. ಸೌದಾಮಿನಿಯವರು ಮಂಗಳೂರಿನಲ್ಲಿ ವಿಮಾನದಿಂದ ಇಳಿದಾಗ ಎಲ್ಲ ಮುಗಿದಿತ್ತು. ಜಯರಾಜರು ಭಾವಮೈದುನನಿಗೆ ಫೋನಿನಲ್ಲಿ ಆಡಬಾರದ ಮಾತನ್ನೆಲ್ಲ ಆಡಿ, ಇನ್ನು ಆ ಹೆಸರು ತಮ್ಮ ಮನೆಯಲ್ಲಿ ಕೇಳಕೂಡದೆಂದಿದ್ದರು. ಹೆಂಡತಿಯ ಪರವಾಗಿ ಹುಟ್ಟಿದ ಸಿಟ್ಟು ಅದು. ಹೆಂಡತಿ ತಮ್ಮನನ್ನು ಉತ್ತರಕ್ರಿಯೆಯ ದಿನ, ಬೊಜ್ಜದ ಊಟದ ಹೊತ್ತಿಗೇ ಕ್ಷಮಿಸಿಬಿಟ್ಟಿದ್ದರು. ಗಂಡನ ಸಿಟ್ಟು ಮಾತ್ರ ಮನೆಯಲ್ಲಿ ಉಳಿದುಕೊಂಡಿತು.

ಜಯರಾಜರು ಡೆಕ್ಕಿನಲ್ಲಿ ನಿಂತು ನಾಳೆಯ ದೋಣಿಯವರೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಎಲ್ಲರಿಗೂ ಲೈಫ್ ಜಾಕೆಟ್ಟು ಇದೆಯಷ್ಟೇ ಎಂದು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡು ಫೋನಿಟ್ಟು ಕೆಳಗೆ ನೋಡಿದರು. ಪೈನ್ ಮರಗಳ ನಡುವಿನ ಕಂದು ಬಂಡೆಯೊಂದು ಕದಲಿದಂತಾಯಿತು. ಬಂಡೆ ಇನ್ನೊಮ್ಮೆ ಕದಲಿತು. ಅದಕ್ಕೆ ಮೂಗು ಇತ್ತು. ಆ ಮೂಗು ಗಾಳಿಯಲ್ಲಿ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು.

ಅತ್ತ ಕರಡಿ, ಇತ್ತ ಎಲೆ, ನಡುವೆ ಸೌದಾಮಿನಿ.

ಕೂಗಬೇಕೆಂದು ಜಯರಾಜರು ಬಾಯಿ ತೆರೆದರು. ದನಿ ಹೊರಡಲಿಲ್ಲ. ಹೊರಡದೆ ಇದ್ದದ್ದೇ ಪುಣ್ಯವಾಯಿತು. ಸೌದಾಮಿನಿಯವರು ಹಲ್ಲಿಯನ್ನು ಕಂಡರೂ ಓಡುವವರು. ಕೂಗಿದರೆ ತಿರುಗಿ ನೋಡುತ್ತಾರೆ, ನೋಡಿದರೆ ಓಡುತ್ತಾರೆ, ಓಡಿದರೆ ಏನಾಗುವುದೆಂಬುದನ್ನು ಹಲಗೆ ಹೇಳಿತ್ತು. ಇಡೀ ಜನ್ಮ ಬೀಳುವ ವಸ್ತುಗಳನ್ನು ಕಣ್ಣಲ್ಲೇ ಕಂಡು ನಡುಗಿದ ಮನುಷ್ಯನಿಗೆ ಆ ಕ್ಷಣ ಕಂಡದ್ದನ್ನು ಇಲ್ಲಿ ಬರೆಯುವುದು ಬೇಡ. ಪಕ್ಕದ ಕಂಬಿಯನ್ನು ಹಿಡಿದು, ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ತಡವುತ್ತ ಇಳಿದರು. ತಗ್ಗಿದ ದನಿಯಲ್ಲಿ ಮಾತಾಡಬೇಕು. ಏನು ಮಾತಾಡುವುದು? ಹೆಂಡತಿಗೆ ಸಂಶಯ ಬಾರದಂತೆ ಅವರು ಆಡಬಹುದಾದ ಮಾತು ಲೋಕದಲ್ಲಿ ಒಂದೇ ಇತ್ತು.

“ಸೌದಾಮಿನಿ, ನಾಳೆಯ ದೋಣಿ ಬೆಳಿಗ್ಗೆಯೇ ಸಿಕ್ಕಿತು. ಮಧ್ಯಾಹ್ನ ಗಾಳಿ ಏಳುತ್ತದಂತೆ.”

“ಎಡೆಯ ಮುಂದೆ ಕೂತಲ್ಲಿಗೂ ನಿಮ್ಮ ದೋಣಿ ಬಂತಾ ಮಾರಾಯ್ರೆ?” ಎಂದರು ಸೌದಾಮಿನಿ, ತಲೆ ತಿರುಗಿಸದೆ.

“ಬಂತು. ನೀನು ಎದ್ದು ಮೆಲ್ಲಗೆ ಈ ಕಡೆ ಬಾ. ಇಲ್ಲಿಂದ ದೋಣಿಕಟ್ಟೆ ಕಾಣುತ್ತದೆ.”

ಕರಡಿ ಎರಡು ಹೆಜ್ಜೆ ಮುಂದೆ ಬಂದು ನಿಂತಿತು. ಕಾಲಿನ ಕೆಳಗೆ ಒಣಕಡ್ಡಿ ಮುರಿದ ಸದ್ದು ಜಯರಾಜರ ಎದೆಯಲ್ಲಿ ಆಯಿತು. ದಂಡೆಗೆ ಬಡಿಯುವ ಅಲೆಯ ಸದ್ದಿನಲ್ಲಿ ಅದು ಸೌದಾಮಿನಿಯವರಿಗೆ ಕೇಳಿಸಲಿಲ್ಲ. ಜಯರಾಜರು ದೋಣಿಕಟ್ಟೆಯನ್ನು ಬಿಟ್ಟು ಬೆಟ್ಟದ ದಾರಿಯ ಮಾತು ತೆಗೆದರು. ಅಲ್ಲಿಂದ ಕಾಣುವ ಸಣ್ಣ ದ್ವೀಪವನ್ನು, ಅಲ್ಲಿ ಕುಳಿತು ಉಣ್ಣಬಹುದಾದ ಹುಲ್ಲುಹಾಸನ್ನು ವರ್ಣಿಸಿದರು. ತಮ್ಮ ದನಿ ಯಾರದೋ ದನಿಯಂತೆ ಅವರಿಗೇ ಕೇಳುತ್ತಿತ್ತು. ಮೆಟ್ಟಿಲು ಹೆಂಡತಿಯ ಮಗ್ಗುಲಿಗಿದ್ದುದರಿಂದ, ನಿಂತಲ್ಲಿಂದ ಆಕೆಯ ಬೆನ್ನ ಮೇಲಿನ ಒದ್ದೆ ಕೂದಲೂ ಅದರ ಹಿಂದೆ ಕರಡಿಯ ಅಗಲ ತಲೆಯೂ ಒಟ್ಟಿಗೇ ಕಾಣುತ್ತಿದ್ದವು.

“ಕಾಗೆ ಮುಟ್ಟದೆ ನಾನು ಏಳುವುದಿಲ್ಲ,” ಎಂದರು ಸೌದಾಮಿನಿ. “ನಾನು ಹೇಳಬೇಕಾದದ್ದನ್ನೆಲ್ಲ ಹೇಳಿ ಆಯಿತು. ಇನ್ನು ಉಳಿದದ್ದು ನಿಮ್ಮ ಬಾಯಿಂದ ಬರಬೇಕಾದದ್ದು. ಅಮ್ಮ ಅದಕ್ಕೇ ಕಾಯುತ್ತಿದ್ದಾರೋ ಏನೋ.”

ಬೇರೆ ಯಾವ ದಿನವಾದರೂ ಜಯರಾಜರು ಅಲ್ಲಿಂದ ಹೊರಟುಹೋಗುತ್ತಿದ್ದರು. ಎರಡು ವರ್ಷ ಅವರ ಎದೆಯಲ್ಲಿ ಕಲ್ಲಿನಂತೆ ಕುಳಿತಿದ್ದ ಆ ಛಲವನ್ನು ಈಗ ಹುಡುಕಿದರೂ ಅದು ಕೈಗೆ ಸಿಗಲಿಲ್ಲ.

“ಜಗನ್ನಾಥನಿಗೆ ಫೋನು ಮಾಡುತ್ತೇನೆ,” ಎಂದರು.

ಸೌದಾಮಿನಿಯವರು ಮುಖವನ್ನು ಗಂಡನ ಕಡೆಗಷ್ಟೇ ತಿರುಗಿಸಿದರು. “ಯಾವಾಗ?”

“ಈಗಲೇ. ನೀನು ನನ್ನ ಪಕ್ಕಕ್ಕೆ ಬಂದು ನಿಂತರೆ ಈಗಲೇ. ನನ್ನನ್ನೇ ನೋಡಿಕೊಂಡು ಬಾ. ಬೇರೆಲ್ಲೂ ನೋಡಬೇಡ.”

“ಮದುವೆಯ ದಿನ ಕೂಡ ನೀವು ಹೀಗೆ ಹೇಳಿದವರಲ್ಲ,” ಎಂದು ಸೌದಾಮಿನಿಯವರು ಕಣ್ಣೊರೆಸಿಕೊಂಡು ನಕ್ಕರು.

ಕುಳಿತು ಕುಳಿತು ಅವರ ಮೊಣಕಾಲು ಹಿಡಿದಿತ್ತು. ನೆಲಕ್ಕೆ ಕೈಯೂರಿ, ಸೆರಗನ್ನು ಸರಿಪಡಿಸಿ, ಚಪ್ಪಲಿಯನ್ನು ಕಾಲಿನಿಂದ ಹುಡುಕಿದರು. ಗಾಳಿಗೆ ಮಡಚಿದ ಎಲೆಯ ತುದಿಯನ್ನು ನೇರ ಮಾಡಲೆಂದು ಮತ್ತೆ ಬಗ್ಗಿದರು. ಕರಡಿ ಬುಸ್ಸೆಂದು ಉಸಿರು ಬಿಟ್ಟಿತು. ಸೌದಾಮಿನಿಯವರು ಅದನ್ನು ಅಲೆಯೆಂದೇ ತಿಳಿದರೇನೋ. ಬಾ ಎಂಬ ಒಂದೇ ಮಾತನ್ನು ಜಯರಾಜರು ಮಗುವನ್ನು ನಡೆಸುವವರಂತೆ ಮೆಲ್ಲಗೆ ಹೇಳುತ್ತಿದ್ದರು. ಆಕೆ ಬಂಡೆಯ ಮಗ್ಗುಲಿಗೆ ಸರಿದು, ಮರಳನ್ನು ದಾಟಿ, ಮೆಟ್ಟಿಲ ಬುಡಕ್ಕೆ ಬಂದು ಗಂಡನ ಚಾಚಿದ ಕೈ ಹಿಡಿದರು. ಹಿಡಿದ ಮೇಲೆ ಆ ಕೈಯ ತಣ್ಣನೆಯ ಬೆವರು ಅವರಿಗೆ ತಿಳಿಯಿತು. ಗಂಡನ ಮುಖ ನೋಡಿದರು; ಗಂಡನ ಕಣ್ಣು ನೆಟ್ಟಿದ್ದ ಕಡೆಗೆ ನೋಡಿದರು.

ಅವರು ಕುಳಿತಿದ್ದ ಜಾಗದ ಮೇಲೆ ಕಾಲೂರಿ ಕರಡಿ ಎಲೆಗೆ ಬಾಯಿ ಹಾಕಿತ್ತು.

ಸೌದಾಮಿನಿಯವರು ಓಡಲೆಂದು ಕೈ ಜಗ್ಗಿದರು. ಜಯರಾಜರು ಮಣಿಕಟ್ಟನ್ನು ಬಿಡಲಿಲ್ಲ. ಬೆನ್ನು ತೋರಿಸದೆ, ಮೆಟ್ಟಿಲನ್ನು ಹಿಂದುಹಿಂದಕ್ಕೆ ಏರುತ್ತ, ನಾಳೆ ದೋಣಿಯಲ್ಲಿ ಎಲ್ಲಿ ಕೂರಬೇಕೆಂದು ಹೇಳುತ್ತಲೇ ಇದ್ದರು. ಆ ಮಾತನ್ನು ಈಗ ಯಾರೂ ಕೇಳುತ್ತಿರಲಿಲ್ಲ. ಕೆಳಗೆ ಕರಡಿ ದೋಸೆ, ಸುಕ್ಕ, ಬಂಗುಡೆ ಎಲ್ಲವನ್ನೂ ಮುಗಿಸಿ, ಎಲೆಯನ್ನು ಕಾಲಲ್ಲಿ ಒತ್ತಿ ಹಿಡಿದು ನೆಕ್ಕುತ್ತಿತ್ತು. ಅದು ಒಮ್ಮೆ ತಲೆಯೆತ್ತಿ ಮನೆಯ ಕಡೆಗೆ ಮೂಗಾಡಿಸಿದಾಗ, ಜಯರಾಜರ ಬೆನ್ನಿಗೆ ಬಾಗಿಲು ತಾಗಿತು.

ಒಳಗೆ ಹೋಗಿ ಚಿಲಕ ಹಾಕಿ, ಕಿಟಕಿಗಳನ್ನೆಲ್ಲ ಮುಚ್ಚಿ, ಹಲಗೆಯ ಮೇಲಿದ್ದ ನಂಬರಿಗೆ ವಿಷಯ ತಿಳಿಸಿ, ಕುರ್ಚಿಯಲ್ಲಿ ಕುಳಿತ ಮೇಲೂ ಅವರ ಮೊಣಕಾಲುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಸೌದಾಮಿನಿಯವರು ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದರು. ಕರಡಿ ಮೊದಲಿನಿಂದಲೂ ಅಲ್ಲಿತ್ತೇ ಎಂದು ಕೇಳಿದರು. ಇತ್ತೆಂದು ಜಯರಾಜರು ತಲೆಯಾಡಿಸಿದರು.

“ಹಾಗಾದರೆ ಫೋನಿನ ಮಾತು ನನ್ನನ್ನು ಎಬ್ಬಿಸಲಿಕ್ಕೆ ಹೇಳಿದ್ದು,” ಎಂದರು ಸೌದಾಮಿನಿ. ದನಿಯಲ್ಲಿ ಕೋಪವಿರಲಿಲ್ಲ. “ಹೆದರಿಕೆಯಲ್ಲಿ ಕೊಟ್ಟ ಮಾತನ್ನು ನಾನು ಹಿಡಿದು ಕೂರುವುದಿಲ್ಲ. ಬಿಟ್ಟುಬಿಡಿ.”

ಜಯರಾಜರು ಫೋನು ಕೈಗೆತ್ತಿಕೊಂಡರು. ಊರಿನಲ್ಲೀಗ ನಡುರಾತ್ರಿ ಕಳೆದಿದೆ, ಈ ಹೊತ್ತಿಗೆ ಯಾರನ್ನೂ ಎಬ್ಬಿಸಬೇಡಿ ಎಂದು ಹೆಂಡತಿ ಹೇಳುತ್ತಿದ್ದಂತೆಯೇ ಹೆಸರನ್ನು ಒತ್ತಿದರು. ಬೆಳಗಾಗಲೆಂದು ಕಾದರೆ, ನಡುಕ ನಿಂತ ಕಾಲುಗಳ ಜೊತೆಗೆ ಆ ಹಳೆಯ ಛಲವೂ ಮತ್ತೆ ಎದ್ದು ನಿಲ್ಲುವುದೆಂಬ ಭಯ ಅವರನ್ನು ಹಿಡಿದಿತ್ತು.

ಎರಡನೆಯ ಸಲ ಗಂಟೆ ಬಾರಿಸುತ್ತಲೇ ಆ ತುದಿಯಲ್ಲಿ ಫೋನು ಎತ್ತಿದರು. ಉಸಿರು ಕೇಳಿಸಿತು, ಮಾತು ಕೇಳಿಸಲಿಲ್ಲ. ಅಮೆರಿಕದಿಂದ ಅಪರಾತ್ರಿಯಲ್ಲಿ ಬರುವ ಫೋನಿಗೆ ಊರಿನವರು ಯಾವ ಅರ್ಥ ಹಚ್ಚುತ್ತಾರೆಂಬುದು ಜಯರಾಜರಿಗೆ ಆಗ ಹೊಳೆಯಿತು.

“ಭಾವಾ,” ಎಂದ ಜಗನ್ನಾಥ. “ಅಕ್ಕನಿಗೆ ಎಂತ ಆಯ್ತು?”

“ಏನೂ ಆಗಲಿಲ್ಲ ಮಾರಾಯ,” ಎಂದರು ಜಯರಾಜರು. ಆ ಮಾತು ಮುಗಿಯುವ ಮೊದಲೇ ಅವರಿಗೆ ಅಳು ಬಂತು. “ಇಲ್ಲೇ ಇದ್ದಾಳೆ. ನನ್ನ ಎದುರಿಗೇ ಕೂತಿದ್ದಾಳೆ. ಕೊಡುತ್ತೇನೆ, ಮಾತಾಡು.”