ಗಿಳಿ ಬರೆಸಿಕೊಂಡ ದಪ್ಪು

ಬೆಳಗಿನಿಂದ ಯಮನಪ್ಪ ಆಡಿನ ತೊಗಲು ಕೆರೆಯುತ್ತಿದ್ದ. ಮಗಳು ಸತ್ಯವ್ವ ಪಕ್ಕದಲ್ಲಿ ಕೂತು ಹುಣಸೆಬೀಜದ ಅಂಟು ಕಲಸುತ್ತಿದ್ದಳು. ಕಟ್ಟಿಗೆಯ ಬಳೆಗೆ ತೊಗಲು ಬಿಗಿದು ನೆರಳಲ್ಲಿ ಒಣಗಿಸಿದರು. ಹಾಗೆ ಹುಟ್ಟಿದವಳು ನಾನು, ಕೈಯಲ್ಲಿ ಹಿಡಿದು ಬಾರಿಸುವ ಒಂದು ದಪ್ಪು.

"ಇದಕ್ಕ ನೀರು, ಎಣ್ಣಿ ಏನೂ ಸೋಕಿಸಬ್ಯಾಡ. ಬೆಂಕಿ ಕಾವು ಒಂದಽ ಸಾಕು" ಎಂದ ಅಪ್ಪ.

ಗೀಗೀ ಪದ ಹಾಡುವ ಮೊದಲು ಸತ್ಯವ್ವ ಹುಲ್ಲಿಗೆ ಬೆಂಕಿ ಹಚ್ಚಿ ನನ್ನನ್ನು ಕಾಯಿಸುತ್ತಿದ್ದಳು. ತೊಗಲು ಬಿಗಿಯಾದರೆ ಮಾತ್ರ ನನಗೆ ದನಿ. ತಂಗಿ ಕಾಶವ್ವ ಒಂಟಿ ತಂತಿಯ ತುಂತುಣಿ ಮೀಟುತ್ತಿದ್ದಳು. ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ನಮ್ಮ ಸದ್ದು ಕೇಳಿದರೆ ಜನ ಉಣ್ಣುವುದನ್ನು ಬಿಟ್ಟು ಬರುತ್ತಿದ್ದರು.

ಒಮ್ಮೆ ಟಿವಿಯವರು ಬಂದರು. ಧಾರಾವಾಹಿಯಲ್ಲಿ ಹಾಡುವ ಅತ್ತೆಯ ಪಾತ್ರ. ಸತ್ಯವ್ವ ಒಪ್ಪಿ ನನ್ನನ್ನೂ ಕರೆದೊಯ್ದಳು. ಆದರೆ ಅವಳ ದನಿ ಒರಟೆಂದು ಬೇರೊಬ್ಬಳ ಹಾಡು ಹಾಕಿದರು. ಇವಳು ತುಟಿ ಆಡಿಸಬೇಕು, ನನ್ನ ಮೇಲೆ ಸುಮ್ಮನೆ ಬೆರಳಾಡಿಸಬೇಕು.

ಊರಿಗೆ ಹೋದಾಗ ಕಾಶವ್ವ ಕೆಣಕಿದಳು: "ಅಕ್ಕಾ, ಆ ದನಿ ಯಾರ ಕಡೆಯಿಂದ ತಂದಿ? ನಮ್ಮವ್ವಗ ಗುರುತಽ ಹತ್ತಲಿಲ್ಲ."

ಸತ್ಯವ್ವ ನಗಲಿಲ್ಲ. ನೂರನೆಯ ಸಂಚಿಕೆಯ ಸಮಾರಂಭದಲ್ಲಿ ವೇದಿಕೆಯ ಮೇಲೆ, ಜನರೆದುರು, ತನ್ನ ದನಿಯಲ್ಲೇ ಒಂದು ಪದ ಹಾಡುತ್ತೇನೆಂದು ಮೂರು ತಿಂಗಳು ನಿರ್ದೇಶಕರನ್ನು ಕೇಳಿಕೊಂಡಳು. ಕೊನೆಗೆ ಅವರು ಹೂಂ ಎಂದರು.

ಸಮಾರಂಭದ ದಿನ ಮಧ್ಯಾಹ್ನ ಅಲಂಕಾರದವರು ನನ್ನನ್ನು ಎತ್ತಿಕೊಂಡು ಹೋದರು. ಕ್ಯಾಮೆರಾಕ್ಕೆ ಚೆಂದ ಕಾಣಲೆಂದು ನನ್ನ ಮುಖದ ತುಂಬ ಎಣ್ಣೆಬಣ್ಣದಲ್ಲಿ ಎರಡು ಗಿಳಿ ಬರೆದರು. ತಣ್ಣನೆಯ ಬಣ್ಣ ತೊಗಲೊಳಗೆ ಇಳಿಯಿತು. ಬೇಡ ಎನ್ನಲು ನನಗೆ ಬಾಯಿ ಇರಲಿಲ್ಲ.

ವೇದಿಕೆಯ ಹಿಂದೆ ಸತ್ಯವ್ವ ಒಮ್ಮೆ ಬಾರಿಸಿ ನೋಡಿದಳು. ನೆನೆದ ರಟ್ಟಿನಂತೆ ಥಪ್ ಎಂದೆ. ಅವಳು ಹೊರಗೆ ಓಡಿ ಕಾಗದಕ್ಕೆ ಬೆಂಕಿ ಹಚ್ಚಿ ಕಾಯಿಸಿದಳು. ಬಣ್ಣ ಗುಳ್ಳೆಯೆದ್ದಿತು, ದನಿ ಏಳಲಿಲ್ಲ. ಆಚೆ ಜನ ಅವಳ ಹೆಸರು ಕೂಗುತ್ತಿದ್ದರು.

ಮ್ಯಾನೇಜರ್ ಬಂದ. "ಟೆನ್ಶನ್ ಬೇಡಮ್ಮ, ರೆಕಾರ್ಡ್ ರೆಡಿ ಇದೆ. ತುಟಿ ಆಡ್ಸಿ ಸಾಕು."

ವೇದಿಕೆ ಹತ್ತಿದೆವು. ರೆಕಾರ್ಡು ಶುರುವಾಯಿತು. ಸತ್ಯವ್ವನ ತುಟಿ ಮುಚ್ಚಿಯೇ ಇತ್ತು. ಬೇರೆಯವಳ ದನಿ ಎರಡು ಸಾಲು ಹಾಡಿತು. ಜನ ಮುಖ ಮುಖ ನೋಡಿಕೊಂಡರು. ಯಾರೋ ರೆಕಾರ್ಡು ನಿಲ್ಲಿಸಿದರು. ಅವಳು ನನ್ನನ್ನು ಕೆಳಗಿಟ್ಟು, ಮೊದಲ ಸಾಲಿನಲ್ಲಿ ಕೂತಿದ್ದ ತಂಗಿಯನ್ನು ನೋಡಿದಳು.

"ತುಂತುಣಿ ತಂದೀಯೇನ?"

"ಬಿಟ್ಟು ಬರ್ತೀನೇನಕ್ಕಾ?"

ಕಾಶವ್ವ ವೇದಿಕೆ ಹತ್ತಿ ತುಂತುಣಿ ಮೀಟಿದಳು. ಸತ್ಯವ್ವ ಮೈಕಿಲ್ಲದೆ, ಅಂಗೈ ತಾಳಕ್ಕೆ ಹಾಡಿದಳು. ಹಿಂದೆ ಕೂತವರು ಎದ್ದು ಹತ್ತಿರ ಬಂದು ಕೇಳಿದರು.

ಮರುವಾರ ಧಾರಾವಾಹಿಯ ಕಥೆಯಲ್ಲಿ ಅತ್ತೆ ಕಾಶಿಯಾತ್ರೆಗೆ ಹೋದಳು, ತಿರುಗಿ ಬರಲಿಲ್ಲ. ನನ್ನನ್ನು ಸತ್ಯವ್ವನಿಗೆ ಕೊಡದೆ ಸೆಟ್ಟಿನ ಗೋಡೆಗೆ ನೇತುಹಾಕಿದರು, ಗಿಳಿಗಳು ಚೆಂದವೆಂದು. ಈಗ ಗೋದಾಮಿನಲ್ಲಿ ಥರ್ಮಾಕೋಲಿನ ಕಂಬಗಳ ನಡುವೆ ಇದ್ದೇನೆ. ತೊಗಲು ಬಿರಿದಿದೆ. ದನಿ ಹೋದರೂ ಚೆಂದ ಕಂಡರೆ ಸಾಕೆನ್ನುವವರ ನಡುವೆ ಮುದುಕಿಯಾಗುವುದು ಕಷ್ಟ.

ನಿನ್ನೆ ಗೋದಾಮಿನವನ ಫೋನಿನಲ್ಲಿ ಅವಳ ದನಿ ಕೇಳಿತು. ಹಿಂದೆಲ್ಲೋ ತುಂತುಣಿ ಮಿಡಿಯುತ್ತಿತ್ತು.

"ಸರ್, ನಾ ಸತ್ಯವ್ವ. ನಮ್ಮಪ್ಪ ಮಾಡಿದ ದಪ್ಪು ಅದು. ತೊಗಲು ಹೊಸಾದು ಹಾಕ್ಕೋತೀನಿ."

ಅವನು ಫೋನನ್ನು ಕರೆ ಮುಗಿಸದೆ ಹಾಗೆಯೇ ಮೇಜಿನ ಮೇಲಿಟ್ಟು ಕಂಬಕ್ಕೆ ಬಣ್ಣ ಬಳಿಯಲು ಹೋದ.

"ಸರ್, ಕಳಸಿಕೊಡ್ರಿ."