ನಾಲ್ಕು ಬೆರಳು ಬಟ್ಟೆ

"ಒಳಗೆ ಬಟ್ಟೆ ಬಿಡಬೇಡಮ್ಮ, ದಪ್ಪ ಕಾಣ್ಸುತ್ತೆ," ಎಂದಳು ಸ್ಟೂಲಿನ ಮೇಲೆ ನಿಂತಿದ್ದ ಮಗಳು.

ತಾಯಿ ನೆಲದಲ್ಲಿ ಮೊಣಕಾಲೂರಿ, ಹೊಸ ಲಂಗದ ಅಂಚನ್ನು ನಾಲ್ಕು ಬೆರಳು ಒಳಕ್ಕೆ ಮಡಚಿ ಗುಂಡುಸೂಜಿ ಚುಚ್ಚುತ್ತಿದ್ದಳು. ಊರಿನ ಮಕ್ಕಳ ಶಾಲೆಬಟ್ಟೆಯೆಲ್ಲ ಅವಳ ಕೈಯದೇ. ಬೆಳೆಯುವ ಮಕ್ಕಳಿಗೆ ಮಡಿಕೆ ಬಿಡದೆ ಹೊಲಿದವಳಲ್ಲ. ವರ್ಷ ಕಳೆದ ಮೇಲೆ ಹೊಲಿಗೆ ಬಿಚ್ಚಿ ಇಳಿಸಿಕೊಟ್ಟರೆ ಅದೇ ಲಂಗ ಇನ್ನೊಂದು ವರ್ಷಕ್ಕೆ ಬರುತ್ತಿತ್ತು.

"ಮುಂದಿನ ವರ್ಷ ಮೊಣಕಾಲು ಕಂಡಾಗ ಅಳ್ತೀಯ ನೋಡು."

"ಮುಂದಿನ ವರ್ಷ ಇದ್ರೆ ತಾನೇ?"

"ಬಿಡ್ತು ಅನ್ನೇ! ಹದಿನಾರಕ್ಕೇ ಮುದುಕಿ ಹಂಗೆ ಮಾತಾಡ್ತಾಳೆ."

"ಮುದುಕಿ ಆಗೋದು ನಮ್ಮನೇಲಿ ಎಲ್ಲಿ ಬಂತು? ಅಪ್ಪ ಹೋದಾಗ ಮೂವತ್ತೆಂಟು. ದೊಡ್ಡಪ್ಪ ನಲವತ್ತು. ಅತ್ತೆ ನಿನ್ನ ವಯಸ್ಸೂ ಮುಟ್ಟಲಿಲ್ಲ." ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು.

ಮೂವರ ಎದೆಯಲ್ಲೂ ಕೂತಿದ್ದು ಕಲ್ಲು ಕ್ವಾರಿಯ ಧೂಳು. ಕ್ವಾರಿ ಮುಚ್ಚಿ ಆರು ವರ್ಷವಾಯಿತು, ನೀನು ಅಲ್ಲಿ ಒಂದು ಕಲ್ಲನ್ನೂ ಒಡೆದವಳಲ್ಲ ಎಂದು ತಾಯಿ ಹೇಳಬೇಕೆನ್ನುವಷ್ಟರಲ್ಲಿ ಹುಡುಗಿ ಲಂಗ ಬದಲಿಸಿ ಹೊರಗೆ ಹೋಗಿಯಾಗಿತ್ತು.

ಅರ್ಧ ಗಂಟೆಗೆ ಪಕ್ಕದ ಮನೆಯವಳು ಬಂದಳು. ಹೊಲಿಯಲು ಕೊಟ್ಟಿದ್ದನ್ನು ಕೇಳಲಿಲ್ಲ. "ಅಕ್ಕ, ಹೇಳೋದೋ ಬೇಡವೋ ಅಂತಿದ್ದೆ. ನಿನ್ನ ಮಗಳು ಕ್ವಾರಿ ಗುಂಡೀಲಿ ನಿಂತಿರೋ ನೀರಿಗೆ ಹಾರ್ತಾಳಂತೆ. ಬೇರೆಯೋರೆಲ್ಲ ಕೆಳಗಿನ ಬಂಡೆಯಿಂದ, ಇವಳೊಬ್ಬಳೇ ತುತ್ತತುದಿಯಿಂದ. ಇವತ್ತೂ ಹೋಗಿದಾರೆ. ನೀರೊಳಗೆ ಹಳೇ ಕಬ್ಬಿಣ ಬೇರೆ ಬಿದ್ದಿದೆ ಕಣಕ್ಕ."

ತಾಯಿ ಮೆಷಿನ್ನಿನ ಸೂಜಿಯಡಿ ಬಟ್ಟೆಯನ್ನು ಹಾಗೇ ಬಿಟ್ಟು ಓಡಿದಳು.

ಕ್ವಾರಿಯ ಬಂಡೆಯ ಮೆಟ್ಟಿಲು ಸವೆದು ಪುಡಿಯಾಗಿತ್ತು. ಮೇಲೆ, ತುದಿಗೆ ಕಾಲ್ಬೆರಳು ಚಾಚಿ ಮಗಳು ನಿಂತಿದ್ದಳು. ಕೂಗಿದರೆ ಬೆಚ್ಚಿ ಬಿದ್ದಾಳೆಂದು ತಾಯಿ ಉಸಿರು ಬಿಗಿಹಿಡಿದು ಹತ್ತಿದಳು. ಜಲ್ಲಿ ಜಾರಿದ ಸದ್ದಿಗೆ ಮಗಳೇ ತಿರುಗಿದಳು.

"ಅಮ್ಮ! ನೀನ್ಯಾಕೆ ಹತ್ತಿದೆ?"

ಬೈಯಲು ಹೊರಟ ತಾಯಿಯ ಕಣ್ಣು ಕೆಳಗೆ ಹೋಯಿತು. ನೀರು ಅಂಗೈಯಗಲ ಕಂಡಿತು. ಅಲ್ಲೇ ಕುಕ್ಕರಿಸಿದಳು.

"ಇಳಿಯೋಕಾಗಲ್ಲ ಕಣೇ."

"ಹತ್ತೋವಾಗ ಗೊತ್ತಾಗ್ಲಿಲ್ವಾ?"

"ಹತ್ತೋವಾಗ ನಿನ್ನನ್ನೇ ನೋಡ್ತಿದ್ದೆ."

ಕೆಳಗಿನಿಂದ ಗೆಳತಿಯರು ಕೂಗಿದರು: "ಏನೇ, ಅಮ್ಮ ಬಂದ್ರು ಅಂತ ಪುಕ್ಕಲಿ ಆದ್ಯಾ? ಹಾರೇ!"

ಹುಡುಗಿ ಒಮ್ಮೆ ನೀರಿನ ಕಡೆ ನೋಡಿದಳು. ತಾಯಿಯ ಎರಡೂ ಕೈ ಬಂಡೆಯನ್ನು ಅಪ್ಪಿಕೊಂಡಿದ್ದವು.

"ಚಪ್ಪಲಿ ಬಿಚ್ಚು. ಬಿಚ್ಚಮ್ಮ, ಜಾರುತ್ತೆ," ಎಂದು ಹತ್ತಿರ ಬಂದಳು. ದನಿ ಒರಟಾಗಿತ್ತು. "ಬುದ್ಧಿ ಇದೆಯಾ ನಿಂಗೆ? ಬಿದ್ದು ಸೊಂಟ ಮುರ್ಕೊಂಡ್ರೆ ಇನ್ನು ಇಪ್ಪತ್ತು ವರ್ಷ ಯಾರು ನೋಡ್ಕೋತಾರೆ?"

"ನೀನೇ."

ಹುಡುಗಿ ಮುಂದೆ ಇಳಿದು, ತಾಯಿಯ ಪಾದವನ್ನು ಕೈಯಲ್ಲಿ ಹಿಡಿದು ಒಂದು ಮೆಟ್ಟಿಲಿಗೆ ತಂದಿಟ್ಟಳು. "ಕೆಳಗೆ ನೋಡ್ಬೇಡ. ನನ್ನ ತಲೆ ನೋಡು."

ಅರ್ಧ ದಾರಿಯಲ್ಲಿ ಅತ್ತಕಡೆ ಯಾರೋ ಹಾರಿದರು. ನೀರು ಧಡ್ಡೆಂದಿತು, ಕೇಕೆ ಎದ್ದಿತು. ಮಗಳು ತಿರುಗಲಿಲ್ಲ. ಮುಂದಿನ ಕಲ್ಲಿನ ಮೇಲೆ ಹಿಮ್ಮಡಿ ಊರಿ, ಅಲುಗುತ್ತದೆಯೋ ಎಂದು ಒತ್ತಿ ಒತ್ತಿ ನೋಡುತ್ತಿದ್ದಳು.